ಒಳಉಡುಪು ಹೊಲಿಗೆ: ಇಲ್ಲಿಯವರೆಗೆ ಆದದ್ದು, ಇನ್ನು ಆಗಬೇಕಾದದ್ದು

ಮನೆಮಂದಿಯ ಒಳಉಡುಪನ್ನೆಲ್ಲ ನಾನೇ ಹೊಲಿಯುವ ಕೆಲಸ ಅರ್ಧಕ್ಕೆ ಬಂದಿದೆ. ಅಳತೆಯ ಕಾಗದಗಳು ಸಿದ್ಧವಾಗಿವೆ, ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಕುಗ್ಗಿಸಿಯಾಗಿದೆ, ಮೊದಲು ಹೊಲಿದವು ಬಳಕೆಗೆ ಇಳಿದಿವೆ. ಹೊಲಿಗೆಯ ಹುಚ್ಚಿನಿಂದ ಶುರುವಾದದ್ದು ಈಗ ಹೆಚ್ಚುಕಡಿಮೆ ತೇವದ ವಿರುದ್ಧದ ಕಾರ್ಯಾಚರಣೆಯಾಗಿ ಬದಲಾಗಿದೆ.

ಬಟ್ಟೆ ಹಿಗ್ಗುವ ಹತ್ತಿಯದು, ಅದರಲ್ಲಿ 5% ಸ್ಪ್ಯಾಂಡೆಕ್ಸ್, ಅಂದರೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಕೃತಕ ನೂಲು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ 7ರಿಂದ 8%ನಷ್ಟು ತೇವವನ್ನು ಹೀರಿಟ್ಟುಕೊಳ್ಳುತ್ತದೆ; ಪಾಲಿಯೆಸ್ಟರ್ 0.4%ರಷ್ಟು ಮಾತ್ರ. ಹಾಗೆಂದು ಹತ್ತಿಯನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಹೀರಿದ್ದನ್ನು ಅದು ಬೇಗ ಬಿಟ್ಟುಕೊಡುವುದಿಲ್ಲ. ಓಡಿ, ಆಡಿ ಬೆವರಿದ ಮೇಲೆ ಬದಲಾಯಿಸದೆ ಕುಳಿತರೆ ಎಂಥ ಹತ್ತಿಯೂ ಕಾಪಾಡದು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಎರಡು ಕಾಲುಗಳ ನಡುವೆ ಬರುವ ತುಂಡಿಗೆ. ಅದನ್ನು ಅಪ್ಪಟ ಹತ್ತಿಯ ಎರಡು ಪದರಗಳಲ್ಲಿ ಮಾಡಿ, ಹೊಲಿಗೆಯ ಅಂಚುಗಳು ಪದರಗಳ ನಡುವೆಯೇ ಅಡಗುವಂತೆ ಮಡಚಿದ್ದೇನೆ. ಚರ್ಮಕ್ಕೆ ಉಜ್ಜುವ ಅಂಚು ಈಗ ಒಂದೂ ಇಲ್ಲ. ಮೊಂಡು ತುದಿಯ 75 ನಂಬರಿನ ಸೂಜಿ, ಜಿಗ್‌ಜಾಗ್ ಹೊಲಿಗೆ. ಇಲಾಸ್ಟಿಕ್ ಸುತ್ತಳತೆಗಿಂತ ಹತ್ತನೆಯ ಒಂದು ಪಾಲು ಕಡಿಮೆ ಇದ್ದರೆ ಸಾಕು; ಅದಕ್ಕಿಂತ ಬಿಗಿ ಬೇಡ.

ಬೆವರಿಗೆ ತನ್ನದೆಂಬ ವಾಸನೆ ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ತೊಡೆಸಂದಿಯ ತುರಿಕೆಗೆ ಕಾರಣವಾಗುವ ಶಿಲೀಂಧ್ರಕ್ಕೂ ಬೇಕಾದದ್ದು ಬಿಸಿ ಮತ್ತು ತೇವ. ಬಹಳ ಸಲ ಅದು ಕಾಲ್ಬೆರಳ ಸಂದಿಯಿಂದ ಬರುತ್ತದೆ: ಸೋಂಕಿದ ಪಾದವನ್ನು ಚಡ್ಡಿಯೊಳಗೆ ತೂರಿಸಿದಾಗ ಬಟ್ಟೆಗೆ ಅಂಟಿಕೊಂಡು ಮೇಲೇರುತ್ತದೆ. ಆದ್ದರಿಂದ ಪಾದದ ಸೋಂಕು ಇದ್ದವರು ಮೊದಲು ಕಾಲುಚೀಲ, ಆಮೇಲೆ ಒಳಉಡುಪು ಹಾಕಿಕೊಳ್ಳಬೇಕು. ನೋಡುವವರಿಗೆ ನಗು ಬರಬಹುದು, ಬರಲಿ. ಯಾರೋ ಕೊಟ್ಟ ಸ್ಟಿರಾಯ್ಡ್ ಮುಲಾಮು ಹಚ್ಚುವುದು ಮಾತ್ರ ಬೇಡವೇ ಬೇಡ. ಕೆಂಪು ಇಳಿದಂತೆ ಕಾಣುತ್ತದೆ, ಒಳಗೊಳಗೇ ಸೋಂಕು ಹಬ್ಬುತ್ತದೆ.

ಈ ಮಾತುಗಳನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಲು ಮನೆಯಲ್ಲಿ ಎಲ್ಲರಿಗೂ ಮುಜುಗರ. ಹಾಗಾಗಿ ಹೊಲಿದ ಪ್ರತಿ ಕಟ್ಟಿನೊಂದಿಗೆ ಒಂದು ಚೀಟಿ ಇಡುತ್ತಿದ್ದೇನೆ. ದಿನಕ್ಕೊಮ್ಮೆ ಬದಲಾವಣೆ, ಬೆವರಿದರೆ ಇನ್ನೊಮ್ಮೆ. ಸ್ನಾನದ ನಂತರ ಸಂದಿಗಳನ್ನು ಒರೆಸಿ ಒಣಗಿಸಿಯೇ ಬಟ್ಟೆ. ಹೆಣ್ಣುಮಕ್ಕಳ ಚೀಟಿಯಲ್ಲಿ ಇನ್ನೆರಡು ಸಾಲು: ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಬೇಕು, ಯೋನಿಯ ಒಳಗೆ ಸೋಪು, ಸುಗಂಧ ಯಾವುದೂ ಬೇಡ, ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ.

ಒಗೆಯುವ ಕ್ರಮವೂ ಬದಲಾಯಿತು. ಬಟ್ಟೆ ಮೃದುವಾಗಿಸುವ ದ್ರಾವಣವನ್ನು ನಿಲ್ಲಿಸಿದ್ದೇನೆ. ಅದು ನಾರಿನ ಮೇಲೆ ಲೇಪದಂತೆ ಕುಳಿತು ಹೀರುವ ಗುಣವನ್ನೇ ಕುಂದಿಸುತ್ತದೆ. ಸೋಪಿನ ಅಂಶ ಉಳಿಯದಂತೆ ಇನ್ನೊಂದು ನೀರಿನಲ್ಲಿ ಜಾಲಿಸುವುದು ಸೇರಿಕೊಂಡಿದೆ. ನಾಚಿಕೆಗೆಂದು ಬೇರೆ ಬಟ್ಟೆಯ ಮರೆಯಲ್ಲಿ ಒಣಹಾಕುವ ಪದ್ಧತಿಗೆ ನನ್ನ ಕಟು ವಿರೋಧವಿದೆ. ಗಾಳಿ ಬಿಸಿಲು ಹೆಚ್ಚು ಬೇಕಾದ ಬಟ್ಟೆಗೇ ಅವು ಸಿಗದಂತೆ ಮಾಡುವುದು ಯಾವ ನ್ಯಾಯ? ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿ ತಂತಿಯ ಮೇಲೆ ಹರವುತ್ತೇನೆ. ಬಿಸಿಲಿಲ್ಲದ ದಿನ ಎರಡು ಪದರದ ಆ ತುಂಡಿಗಷ್ಟೇ ಇಸ್ತ್ರಿ, ಇಲಾಸ್ಟಿಕ್‌ಗೆ ತಾಗದಂತೆ.

ಬಗೆಹರಿಯದೆ ಉಳಿದಿರುವುದು ಬಿಸಿನೀರಿನ ತಕರಾರು. ಶಿಲೀಂಧ್ರದ ಸೋಂಕು ಇರುವಾಗ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಗೆಯಬೇಕು, 40 ಡಿಗ್ರಿ ನಂಬುವಂಥದ್ದಲ್ಲ. ಆದರೆ ಸ್ಪ್ಯಾಂಡೆಕ್ಸ್‌ಗೆ ಶಾಖವೂ ಆಗದು, ಕ್ಲೋರಿನ್ ಬ್ಲೀಚೂ ಆಗದು. ಮುಂದಿನ ಮಾದರಿಯನ್ನು ಅದಕ್ಕೆಂದೇ ಅಪ್ಪಟ ಹತ್ತಿಯ ನೇಯ್ದ ಬಟ್ಟೆಯಲ್ಲಿ, ಸಡಿಲ ಚಡ್ಡಿಯಾಗಿ ಕತ್ತರಿಸಿದ್ದೇನೆ. ಸೊಂಟದಲ್ಲಿ ಲಾಡಿಗೆ ಬಿಡುವಂತೆ ಮಡಿಕೆ ಬಿಟ್ಟು, ಇಲಾಸ್ಟಿಕ್ಕನ್ನು ಹೊಲಿಯದೆ ಪೋಣಿಸುವುದು. ಸಡಿಲವಾದಾಗ ಎಳೆದು ತೆಗೆದು ಹೊಸದನ್ನು ತೂರಿಸಿದರಾಯಿತು. ಮಡಿಕೆಯ ಅಗಲ ಒಂದೂವರೆ ಇಂಚು ಇರಲೋ ಒಂದೇ ಸಾಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.