ಕಹಳೆಯ ದನಿಗೆ ನಡೆದ ದಳ: ಸಿನ್ಸಿನಾಟಿಯ ಜರ್ಮನ್ ಜನರಲ್ ವಿಲಿಖ್

ಅಮೆರಿಕದ ಸಿನ್ಸಿನಾಟಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದವರು ಓವರ್ ದ ರೈನ್ ಬಡಾವಣೆಯನ್ನು ನೋಡದೆ ಹೋಗುವುದಿಲ್ಲ. 19ನೇ ಶತಮಾನದಲ್ಲಿ ಅದು ಜರ್ಮನರ ಕೇರಿ. 1858ರಿಂದ ಈ ಊರಿನಲ್ಲಿ ಅವರ ಪತ್ರಿಕೆಯೊಂದನ್ನು ನಡೆಸುತ್ತಿದ್ದವನು ಔಗುಸ್ಟ್ ವಿಲಿಖ್.

ಹುಟ್ಟಿದ್ದು 1810ರಲ್ಲಿ, ಜರ್ಮನರ ರಾಜ್ಯವಾದ ಪ್ರಷ್ಯಾದ ಕುಲೀನ ಮನೆತನದಲ್ಲಿ. ಫಿರಂಗಿ ದಳದ ಅಧಿಕಾರ ಬಿಟ್ಟು ಬಡಗಿಯಾದ. 1849ರಲ್ಲಿ ಜರ್ಮನಿಯ ಬಾಡೆನ್‌ನಲ್ಲಿ ನಡೆದ ದಂಗೆಯಲ್ಲಿ ಕಾರ್ಲ್ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಇವನ ಸಹಾಯಕ. ಲಂಡನ್ನಿನಲ್ಲಿ ಮಾರ್ಕ್ಸ್ ಜೊತೆ ಜಗಳ. 1853ರಲ್ಲಿ ಅಮೆರಿಕಕ್ಕೆ ಬಂದು ಬ್ರೂಕ್ಲಿನ್ ಹಡಗುಕಟ್ಟೆಯಲ್ಲಿ ಮತ್ತೆ ಮರಗೆಲಸ.

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಉತ್ತರದ ಪರ ನಿಂತು, ಜರ್ಮನರೇ ತುಂಬಿದ್ದ 32ನೇ ಇಂಡಿಯಾನಾ ರೆಜಿಮೆಂಟಿಗೆ ಕರ್ನಲ್ ಆದ. ಆಜ್ಞೆಗಳು ಜರ್ಮನ್ ಭಾಷೆಯಲ್ಲಿ, ರಣದ ಗದ್ದಲದಲ್ಲಿ ಕಹಳೆಯಲ್ಲಿ. ಟೆನ್ನೆಸ್ಸಿಯ ಶೈಲೋ ಕದನದಲ್ಲಿ ದಳ ಅಳುಕಿದಾಗ ಶತ್ರುವಿಗೆ ಬೆನ್ನು ಮಾಡಿ ನಿಂತು, ಗುಂಡುಗಳ ನಡುವೆಯೇ ಕವಾಯತು ಮಾಡಿಸಿದ! ಹುಚ್ಚಾಟವೆನಿಸಬಹುದು, ದಳ ಮಾತ್ರ ಚೇತರಿಸಿಕೊಂಡಿತು. 1862ರ ಜುಲೈಯಲ್ಲಿ ಬ್ರಿಗೇಡಿಯರ್ ಜನರಲ್ ಪದವಿ ಬಂತು.

ಅದೇ ಡಿಸೆಂಬರ್ 31ರ ಮುಂಜಾನೆ ಟೆನ್ನೆಸ್ಸಿಯ ಸ್ಟೋನ್ಸ್ ರಿವರ್‌ನಲ್ಲಿ ಎಲ್ಲ ಕೆಟ್ಟಿತು. ಫಿರಂಗಿ ಎಳೆಯುವ ಕುದುರೆಗಳು ನೀರು ಕುಡಿಯಲು ಹೋಗಿದ್ದವು, ವಿಲಿಖ್ ಮೇಲಧಿಕಾರಿಯ ಬಿಡಾರಕ್ಕೆ ಹೋಗಿದ್ದ. ಆಗಲೇ ದಾಳಿ. ಧಾವಿಸಿ ಬಂದವನು ನೇರ ಶತ್ರುಗಳ ಕೈಗೆ ಸಿಕ್ಕಿದ. 1863ರ ಮೇ ತನಕ ಸೆರೆ.

ಬಿಡುಗಡೆಯಾದ ಮರುತಿಂಗಳೇ ಟೆನ್ನೆಸ್ಸಿಯ ಲಿಬರ್ಟಿ ಗ್ಯಾಪ್‌ನಲ್ಲಿ ಅವನದೇ ವರಸೆ ಫಲಿಸಿತು. ಆಗಿನ ಸಿಪಾಯಿಗಳದು ಕೇಪಿನ ಕೋವಿಯಂಥದೇ ಬಂದೂಕು. ಅದನ್ನು ಕಂಡ ಮಲೆನಾಡಿನವರಿಗೆ ಕಷ್ಟ ಗೊತ್ತು: ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಕೇಪು ಕೂರಿಸಬೇಕು. ಪಳಗಿದ ಕೈಗೂ ನಿಮಿಷಕ್ಕೆ ಮೂರೇ ಗುಂಡು. ವಿಲಿಖ್ ದಳವನ್ನು ನಾಲ್ಕು ಸಾಲಾಗಿಸಿದ. ಮೊದಲ ಸಾಲು ಹಾರಿಸಿ, ನಿಂತಲ್ಲೇ ಮದ್ದು ತುಂಬುತ್ತದೆ. ಎರಡನೆಯದು ಅವರ ಸಂದಿನಲ್ಲಿ ನುಸುಳಿ, ಕೆಲವು ಹೆಜ್ಜೆ ಮುಂದೆ ಹೋಗಿ ಹಾರಿಸುತ್ತದೆ. ನಾಲ್ಕನೆಯದರ ಸರದಿ ಮುಗಿಯುವಷ್ಟರಲ್ಲಿ ಮೊದಲಿನವರು ಸಿದ್ಧ. ಗುಂಡೂ ನಿಲ್ಲದು, ನಡಿಗೆಯೂ ನಿಲ್ಲದು. ಸಾಲು ತಪ್ಪಿದರೆ ಮುಂದಿನವನ ಬೆನ್ನಿಗೇ ಗುಂಡು. ತಾಲೀಮಿನ ಬಗ್ಗೆ ವಿಲಿಖ್ ಬಿಗಿಯಾಗಿದ್ದದ್ದು ಸುಮ್ಮನೆ ಅಲ್ಲ.

1864ರಲ್ಲಿ ಜಾರ್ಜಿಯಾದ ರೆಸಾಕಾ ಕದನದಲ್ಲಾದ ಗಾಯ ಅವನನ್ನು ರಣದಿಂದ ದೂರವಿಟ್ಟಿತು. 1870ರಲ್ಲಿ ಬರ್ಲಿನ್ನಿಗೆ ಹೋಗಿ, ಅರವತ್ತರಲ್ಲಿ ತತ್ವಶಾಸ್ತ್ರ ಓದಿದ. 1878ರಲ್ಲಿ ಒಹಾಯೋದ ಸೇಂಟ್ ಮೇರೀಸ್‌ನಲ್ಲಿ ತೀರಿಕೊಂಡ.

ಅವನ ರೆಜಿಮೆಂಟಿನ ಗುರುತು ನೋಡಬೇಕಿದ್ದರೆ ಕೆಂಟಕಿಯ ಲೂಯಿವಿಲ್‌ಗೆ ಹೋಗಿ. 1861ರ ಡಿಸೆಂಬರಿನಲ್ಲಿ ಮಡಿದವರಿಗಾಗಿ ಅದೇ ದಳದ ಸಿಪಾಯಿ ಔಗುಸ್ಟ್ ಬ್ಲೋಡ್ನರ್ ಜರ್ಮನ್ ಬರಹದೊಂದಿಗೆ ಕೆತ್ತಿದ ಕಲ್ಲು ಅಲ್ಲಿದೆ. ಮೆದು ಸುಣ್ಣಕಲ್ಲಾದ್ದರಿಂದ ಅಕ್ಷರಗಳು ಚಕ್ಕೆಯೆದ್ದು ಉದುರಿದವು. 2008ರಲ್ಲಿ ಕೇವ್ ಹಿಲ್ ಸ್ಮಶಾನದಿಂದ ತೆಗೆದು, ನಂತರ ಫ್ರೇಜಿಯರ್ ಮ್ಯೂಸಿಯಮ್ಮಿಗೆ ಸಾಗಿಸಿದರು. ಸ್ಮಶಾನದಲ್ಲಿ ಕಾಣುವುದು 2011ರ ಬದಲಿ ಕಲ್ಲು.