ಅಕ್ಕನ ವರದಿ

1994ರಲ್ಲಿ ವಿಜ್ಞಾನಿಗಳು ಗುರುತಿಸಿದ ಬಿಆರ್‌ಸಿಎ1 ವಂಶವಾಹಿಯಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ ಅಕ್ಕನಿಗಿದೆ ಎಂಬ ವರದಿ ಮಂಡ್ಯದ ನಮ್ಮ ಮನೆಗೆ ಬಂದಾಗ, ದೊಡ್ಡಮ್ಮ ಮೊದಲು ಕೇಳಿದ್ದು ಚಿಕಿತ್ಸೆಯ ಬಗ್ಗೆ ಅಲ್ಲ, ತಂಗಿಗೆ ಗಂಡು ನೋಡುತ್ತಿರುವ ಹೊತ್ತಿನಲ್ಲಿ ಇದು ಹೊರಗಿನವರ ಕಿವಿಗೆ ಬಿದ್ದರೆ ಏನು ಗತಿ ಎಂದು. ವರದಿಯನ್ನು ಜಾತಕಗಳಿರುವ ಬೀರುವಿನಲ್ಲೇ ಇಟ್ಟು ಬೀಗ ಹಾಕಿದರು (ತಕ್ಕ ಜಾಗವೇ ಅನ್ನಿ).

ಈ ದೋಷ ತಂದೆಯಿಂದಲೂ ಬರಬಹುದು, ಮಗನಿಗಾಗಲಿ ಮಗಳಿಗಾಗಲಿ ದಾಟುವ ಸಂಭವ ಅರ್ಧಕ್ಕರ್ಧ, ಇದ್ದವರಿಗೆಲ್ಲ ಕ್ಯಾನ್ಸರ್ ಬಂದೇ ತೀರುತ್ತದೆ ಎಂದೂ ಇಲ್ಲ. ಆದರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ ಸೋದರಮಾವ "ಗಂಡಸರಿಗೆ ಇದೆಲ್ಲ ಏಕಮ್ಮ?" ಎಂದು ನಕ್ಕುಬಿಟ್ಟರು.

ತಂಗಿ ಮಾತ್ರ ಮೈಸೂರಿಗೆ ಹೋಗಿ ತಜ್ಞರೊಡನೆ ಮಾತನಾಡಿಯೇ ಪರೀಕ್ಷೆಯ ವಿಚಾರ ನಿರ್ಧರಿಸುತ್ತೇನೆ ಎಂದಿದ್ದಾಳೆ. ಆ ತೀರ್ಮಾನ ಅವಳದು, ಇನ್ನೂ ಗೊತ್ತಾಗದ ಬೀಗರದಲ್ಲ.