ಸರ ಅಕ್ಕಿ ಡಬ್ಬದಲ್ಲಿತ್ತು

ಶಿವಮೊಗ್ಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಶುರು ಮಾಡಿ ಆಗ ಎರಡು ವರ್ಷವಾಗಿತ್ತು. ಒಂದು ದಿನ ಗಂಡ ಹೆಂಡತಿ ಬಂದರು. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿ ಹೇಳುತ್ತಿದ್ದೇನೆ. ಯಾವುದೋ ಮದುವೆಗೆ ಹೋಗಿ ಬಂದ ಮೇಲೆ ಆಕೆಯ ಬಂಗಾರದ ಸರ ಕಾಣೆಯಾಗಿತ್ತು. ಎಲ್ಲಿಟ್ಟೆ ಅನ್ನೋದೇ ಆಕೆಗೆ ನೆನಪಿಲ್ಲ. "ಹಿಪ್ನಾಟಿಸಂ ಮಾಡಿದರೆ ನೆನಪು ಬರುತ್ತಂತಲ್ಲ ಮೇಡಂ, ಒಂದ್ಸಲ ನೋಡಿ" ಎಂದರು ಗಂಡ.

ಆಗೋದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ.

ಆಕೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಉಸಿರು ನಿಧಾನವಾಯಿತು. "ಈಗ ನಿಮ್ಮ ಮಲಗೋ ಕೋಣೆಯಲ್ಲಿದ್ದೀರಿ. ಬೀರು ಹತ್ತಿರ ಯಾರಿದ್ದಾರೆ?" ಎಂದು ಕೇಳಿದೆ. ಅಲ್ಲಿ ಯಾರೋ ಇದ್ದರು ಅಂತ ನಾನೇ ಹೇಳಿಕೊಟ್ಟ ಹಾಗಾಯಿತು, ಅಲ್ವಾ? ಸ್ವಲ್ಪ ಹೊತ್ತಿಗೆ ಆಕೆ ಮನೆಕೆಲಸದ ಹುಡುಗಿಯ ಹೆಸರು ಹೇಳಿದರು. ಅವಳ ಚೂಡಿದಾರದ ಬಣ್ಣವನ್ನೂ ಹೇಳಿದರು.

ಅವತ್ತೇ ಆ ಹುಡುಗಿಯನ್ನು ಕೆಲಸದಿಂದ ಬಿಡಿಸಿದರು. ಮೂರು ವಾರ ಕಳೆದ ಮೇಲೆ ಸರ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಕಳ್ಳರ ಭಯಕ್ಕೆ ಆಕೆಯೇ ಕರ್ಚೀಫಿನಲ್ಲಿ ಗಂಟು ಕಟ್ಟಿ ಅಕ್ಕಿಯೊಳಗೆ ಹುದುಗಿಸಿದ್ದರು. ಆಕೆ ಸುಳ್ಳು ಹೇಳಿರಲಿಲ್ಲ. ಹುಡುಗಿ ಆಕೆಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿದ್ದಳು. ಕಾಣುವಂತೆ ಮಾಡಿದ್ದು ನನ್ನ ಪ್ರಶ್ನೆ. ಕ್ಷಮೆ ಕೇಳಲು ಆ ಹುಡುಗಿಯ ಮನೆಗೆ ಹೋದೆ. ಅವಳ ಅಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಒಳಗೆ ಕರೆಯಲಿಲ್ಲ.

ನೆನಪು ಅನ್ನೋದು ಕ್ಯಾಸೆಟ್ ಅಲ್ಲ. ನೆನೆಸಿಕೊಂಡಾಗಲೆಲ್ಲ ಮನಸ್ಸು ಅದನ್ನು ಮತ್ತೆ ಹೊಸದಾಗಿ ಕಟ್ಟುತ್ತದೆ. ಹಿಪ್ನಾಸಿಸ್‌ನಲ್ಲಿ ಗಮನವೆಲ್ಲ ಒಂದೇ ಕಡೆ ನಿಲ್ಲುತ್ತದೆ. ಊಹಿಸಿಕೊಂಡದ್ದು ನಿಜದಷ್ಟೇ ಗಟ್ಟಿಯಾಗಿ ಅನುಭವಕ್ಕೆ ಬರುತ್ತದೆ. ಆದ್ದರಿಂದ ಹೇಳುವವರ ಧೈರ್ಯ ಜಾಸ್ತಿಯಾಗುತ್ತದೆ, ಹೇಳಿದ್ದು ಸರಿ ಇರುವ ಸಾಧ್ಯತೆ ಜಾಸ್ತಿಯಾಗುವುದಿಲ್ಲ.

ಆದರೆ ಚಿಕಿತ್ಸೆಗೆ ಬೇಕಾದದ್ದೂ ಇದೇ ಶಕ್ತಿ. ಇದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು.

ಒಬ್ಬ ಬಸ್ ಕಂಡಕ್ಟರ್ ಬಂದಿದ್ದರು. ಹೊಟ್ಟೆ ನುಲಿತ, ಉಬ್ಬರ, ಯಾವಾಗ ಟಾಯ್ಲೆಟ್‌ಗೆ ಓಡಬೇಕಾಗುತ್ತದೋ ಎಂಬ ಭಯ. ನಡುದಾರಿಯಲ್ಲಿ ಬಸ್ ನಿಲ್ಲಿಸಿ ಎನ್ನಲು ಅವರಿಗಾಗುತ್ತದೆಯೇ? ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್. ಹೊಟ್ಟೆಯ ಡಾಕ್ಟರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದು ಹೇಳಿ ಕಳಿಸಿದ್ದರು. ಈ ತೊಂದರೆಯಲ್ಲಿ ಕರುಳು ಮಾಮೂಲಿಯಾಗಿ ಅಲುಗಾಡಿದರೂ ಮೆದುಳಿಗೆ ಅದು ನೋವಾಗಿ ಮುಟ್ಟುತ್ತದೆ. ನೋವು ಸುಳ್ಳಲ್ಲ. 1984ರಲ್ಲಿ ಮ್ಯಾಂಚೆಸ್ಟರ್‌ನ ವೈದ್ಯ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು ಔಷಧಿಗೆ ಬಗ್ಗದ 30 ಐಬಿಎಸ್ ರೋಗಿಗಳ ಮೇಲೆ ಪ್ರಯೋಗ ಮಾಡಿ, ಹಿಪ್ನೋಥೆರಪಿಯಿಂದ ದೊಡ್ಡ ಸುಧಾರಣೆ ಕಂಡಿದ್ದರು. ನಾನು ಅನುಸರಿಸುವುದು ಆ ದಾರಿಯನ್ನೇ.

"ಮಂಕುಬೂದಿ ಎರಚ್ತೀರಾ ಮೇಡಂ?" ಅವರ ಮೊದಲ ಪ್ರಶ್ನೆ. ಇಲ್ಲ ಎಂದೆ. ನಿಮಗೆ ಎಚ್ಚರ ಇರುತ್ತದೆ, ಹೊರಗಿನ ಆಟೋ ಸದ್ದೂ ಕೇಳುತ್ತದೆ, ಬೇಡ ಅನ್ನಿಸಿದರೆ ಎದ್ದು ಹೋಗಬಹುದು ಎಂದೆ. 1840ರ ದಶಕದಲ್ಲಿ ಇದಕ್ಕೆ ಹಿಪ್ನಾಟಿಸಂ ಎಂಬ, ನಿದ್ದೆಗೆ ಸಂಬಂಧಿಸಿದ ಗ್ರೀಕ್ ಮೂಲದ ಹೆಸರನ್ನು ಬಳಕೆಗೆ ತಂದ ಸ್ಕಾಟಿಷ್ ವೈದ್ಯ ಜೇಮ್ಸ್ ಬ್ರೇಡ್ ಕೂಡ, ಇದು ನಿದ್ದೆಯಲ್ಲ ಎಂದು ಆಮೇಲೆ ಹೆಸರು ಬದಲಿಸಲು ನೋಡಿದ್ದ. ಹಳೇ ಹೆಸರೇ ಉಳಿಯಿತು.

ಕಂಡಕ್ಟರ್ ತಮ್ಮ ಅಂಗೈಯನ್ನು ಹೊಟ್ಟೆ ಮೇಲಿಟ್ಟುಕೊಂಡರು. ಕೈ ಬೆಚ್ಚಗಾಗುತ್ತಿದೆ, ಆ ಬಿಸಿ ಒಳಗೆ ಇಳಿಯುತ್ತಿದೆ ಎಂದೆ. ಕರುಳನ್ನು ನದಿ ಅಂದುಕೊಳ್ಳಿ ಎಂದಾಗ ಅವರು ಆರಿಸಿಕೊಂಡದ್ದು ಬೇಸಿಗೆಯ ತುಂಗೆಯನ್ನು. ವಾರಕ್ಕೊಂದು ಸಲ, ಎಂಟು ವಾರ. ನನ್ನ ದನಿ ರೆಕಾರ್ಡ್ ಮಾಡಿಕೊಟ್ಟಿದ್ದೆ, ಮನೆಯಲ್ಲಿ ದಿನಾ ಕೇಳಿ ಅಭ್ಯಾಸ ಮಾಡಿದರು. ಪೂರ್ತಿ ವಾಸಿಯಾಯಿತು ಅನ್ನಲಾರೆ. ಮೊದಲು ಖಾಲಿ ಹೊಟ್ಟೆಯಲ್ಲೇ ಡ್ಯೂಟಿಗೆ ಹೋಗುತ್ತಿದ್ದವರು ಈಗ ಇಡ್ಲಿ ತಿಂದು ಸಾಗರದ ಬಸ್ ಹತ್ತುತ್ತಾರೆ.

ನೋವು, ಇಂಜೆಕ್ಷನ್ ಭಯ, ಹಲ್ಲು ಕೀಳಿಸುವ ಹೆದರಿಕೆ, ಆಪರೇಷನ್ ಮುಂಚಿನ ಗಾಬರಿ ಇವಕ್ಕೂ ಇದು ಸಹಾಯ ಮಾಡುತ್ತದೆ. ಎಲ್ಲರಿಗೂ ಒಂದೇ ಥರ ಅಲ್ಲ. ಕೆಲವರು ಬೇಗ ಒಳಗಿಳಿಯುತ್ತಾರೆ, ಕೆಲವರಿಗೆ ಆಗುವುದೇ ಇಲ್ಲ. ಒಂದೇ ಸಿಟ್ಟಿಂಗ್‌ನಲ್ಲಿ ಸಿಗರೇಟು ಬಿಡಿಸುತ್ತೇವೆ ಎಂಬ ಬೋರ್ಡುಗಳನ್ನು ನಂಬಬೇಡಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಇಲ್ಲದ ದನಿ ಕೇಳಿಸುವವರಿಗೆ, ವಿಪರೀತ ಸಂಶಯದ ಕಾಯಿಲೆ ಇರುವವರಿಗೆ ನಾನು ಇದನ್ನು ಮಾಡುವುದಿಲ್ಲ. ಅವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ.

ಗಂಡನಿಂದ ನಿಜ ಹೊರಡಿಸಿ, ಮಗನಿಂದ ನಿಜ ಹೊರಡಿಸಿ ಎಂದು ಈಗಲೂ ಬರುತ್ತಾರೆ. ಅಂಥವರಿಗೆ 2010ರ ಸೆಲ್ವಿ ಪ್ರಕರಣದ ವಿಷಯ ಹೇಳುತ್ತೇನೆ. ಅದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಕೋರ್ಟ್ ಹೇಳಿತು. ಪೊಲೀಸರಿಗೇ ಇಲ್ಲದ ಹಕ್ಕು ನನಗೆಲ್ಲಿಂದ ಬರಬೇಕು?

ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ಅಪ್ಪ ಜಮೀನಿನ ಪತ್ರ ಎಲ್ಲಿಟ್ಟರೋ ಮರೆತಿದ್ದಾರೆ, ಕರೆತರಲೇ ಎಂದರು. ಅದಕ್ಕಾಗಿ ಬೇಡ ಎಂದೆ. ಬೇರೆ ಏನೇನು ಮರೆಯುತ್ತಾರೆ ಎಂದು ಕೇಳಿದೆ. ಊಟ ಮಾಡಿದ್ದೂ ಮರೆಯುತ್ತಾರಂತೆ. ನರರೋಗ ತಜ್ಞರೊಬ್ಬರ ನಂಬರ್ ಕೊಟ್ಟು, ಪತ್ರ ಆಮೇಲೆ ಹುಡುಕೋಣ, ನಾಳೆಯೇ ಅಪ್ಪನನ್ನು ಅವರಿಗೆ ತೋರಿಸಿ ಎಂದೆ.